ಎಡಗೈ ನಾಳೆ ಕೊಡು

ಆ ಸಂಜೆ ಹಲಸೂರಿನ ನಮ್ಮ ಅಡುಗೆಮನೆಯಲ್ಲಿ ನಾನು ಲಟ್ಟಣಿಗೆಯನ್ನು ಕತ್ತಿಯ ಹಾಗೆ ಎತ್ತಿ ಹಿಡಿದು ನಿಂತಿದ್ದೆ. ನನ್ನ ಗಂಡ ಬಾಗಿಲ ಬಳಿ ಮಣೆ ಹಾಕಿಕೊಂಡು, ತೊಡೆಯ ಮೇಲೆ ರಟ್ಟು ಇಟ್ಟುಕೊಂಡು ನನ್ನ ಬಲಗೈಯ ಚಿತ್ರ ಬರೆಯುತ್ತಿದ್ದರು. ಯುದ್ಧ ಸೋತ ರಾಜನೊಬ್ಬನ ನಾಟಕ, ಅದರ ಪೋಸ್ಟರು.

“ಸ್ವಲ್ಪ ಸಿಟ್ಟಿರ್ಲಿ ಕಣೇ. ರಾಜ ಅವನು.”

“ಚಪಾತಿ ಲೇಟಾಗ್ಲಿ, ರಾಜಂಗೆ ತಾನಾಗೇ ಸಿಟ್ಟು ಬರತ್ತೆ.”

ಅಷ್ಟರಲ್ಲಿ ಕುಕ್ಕರ್ ಕೂಗಿತು. “ಹೋಗು, ಬಲಗೈ ಆಯ್ತು. ಎಡಗೈ ನಾಳೆ ಕೊಡು,” ಎಂದು ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡರು.

ಹವ್ಯಾಸಿ ತಂಡವೊಂದಕ್ಕೆ ಅವರು ಬಹಳ ವರ್ಷ ಪೋಸ್ಟರ್ ಬರೆದರು. ಮುಖ ನಟರದು, ಕೈ ಮಾತ್ರ ನನ್ನದು. ಚಿಕ್ಕಂದಿನಲ್ಲಿ ಬಾಗಿಲಿಗೆ ಸಿಕ್ಕಿ ನನ್ನ ಬಲಗೈ ಕಿರುಬೆರಳು ಸೊಟ್ಟಗಾಗಿದೆ. ನೆಟ್ಟಗೆ ಬರೆಯಿರಿ ಎಂದರೆ ಕೇಳುತ್ತಿರಲಿಲ್ಲ. ಹಾಗಾಗಿ ಆ ತಂಡದ ಕಳ್ಳನಿಗೂ ಸನ್ಯಾಸಿಗೂ ಮದುಮಗಳಿಗೂ ಕಿರುಬೆರಳು ಸೊಟ್ಟ. ಶಿವಾಜಿನಗರದ ಪ್ರೆಸ್ಸಿನವರು ಒಮ್ಮೆ ಫೋನ್ ಮಾಡಿ ಬೆರಳು ತಪ್ಪಾಗಿದೆ ಎಂದಿದ್ದರು. “ತಪ್ಪಲ್ಲ ಭಾಯ್, ಅದು ನಮ್ಮನೆಯವಳು,” ಎಂದರು ಇವರು.

ರಾಜನ ಬಲಗೈ ಬರೆದ ಮರುದಿನ ಬೆಳಿಗ್ಗೆ ಹಾಲು ತರಲು ಹೋದವರು ಅಂಗಡಿಯ ಮುಂದೆಯೇ ಕುಸಿದರು. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಿದ್ದರು.

ತಿಥಿ ಮುಗಿದ ಮೇಲೆ ತಂಡದ ನಿರ್ದೇಶಕ ಮನೆಗೆ ಬಂದ. ಕಾಫಿ ಕುಡಿದು ಲೋಟ ಕೆಳಗಿಟ್ಟು ಹೇಳಿದ: “ಅತ್ತಿಗೆ, ಎಡಗೈ ಒಂದೇ ಬಾಕಿ. ಬೇರೆಯವರ ಹತ್ರ ಬರೆಸೋಕೆ ಮನಸ್ಸಿಲ್ಲ. ಅಣ್ಣ ಬರೆದಿರೋ ಬಲಗೈನೇ ಕಂಪ್ಯೂಟರಲ್ಲಿ ತಿರುಗಿಸಿ ಹಾಕಿದೀವಿ. ನೀವು ಹೂಂ ಅಂದ್ರೆ ಪ್ರಿಂಟಿಗೆ ಕೊಡ್ತೀನಿ.”

ಫೋನಿನಲ್ಲಿ ತೋರಿಸಿದ. ರಾಜನಿಗೆ ಎರಡು ಕೈ ಬಂದಿದ್ದವು. ಎರಡರಲ್ಲೂ ಕಿರುಬೆರಳು ಸೊಟ್ಟಗಿತ್ತು.

ನಾನು ಎಡಗೈಯನ್ನು ಅವನ ಮುಂದೆ ಬಿಡಿಸಿ ಹಿಡಿದೆ. “ಇದು ನೆಟ್ಟಗಿದೆ ನೋಡಪ್ಪ.”

ಅವನು ಕೈಯನ್ನು ನೋಡಿದ, ಫೋನನ್ನು ನೋಡಿದ. “ಹಂಗಾದ್ರೆ ಇದು ಬೇಡ ಬಿಡಿ ಅತ್ತಿಗೆ. ಅಣ್ಣ ಬೈತಿದ್ರು,” ಎಂದ. ಅವತ್ತು ನಾವಿಬ್ಬರೂ ಸ್ವಲ್ಪ ನಕ್ಕೆವು.

ಬರೆದಷ್ಟನ್ನೇ ಅಚ್ಚು ಹಾಕಿಸಿದರು. ಒಂದು ಪ್ರತಿಯನ್ನು ಅಡುಗೆಮನೆ ಬಾಗಿಲಿಗೆ ಅಂಟಿಸಿದ್ದೇನೆ. ಚಪಾತಿ ಒತ್ತುವಾಗ ಕಾಣುತ್ತದೆ. ರಾಜನ ಬಲಗೈಯಲ್ಲಿ ಕತ್ತಿ ಇದೆ. ಎಡತೋಳು ಮೊಣಕೈವರೆಗೆ ಬಂದು ನಿಂತಿದೆ. ಅಲ್ಲಿಂದಾಚೆಗೆ ಕೈ ಇಲ್ಲ.