ಸೀಟಿನ ಕೆಳಗಿನ ಎಣ್ಣೆ

ನಮ್ಮ ವ್ಯಾನು ಒಟ್ಟು ಎಷ್ಟು ಓಡಿದೆ ಎಂಬುದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಎರಡು ಲಕ್ಷ ಕಿಲೋಮೀಟರ್ ದಾಟಿದ ಮೇಲೆ ಮೀಟರು ನಿಂತಿತು ಎನ್ನುತ್ತಾರೆ ಮಾವ. ದಾಟುವ ಮೊದಲೇ ನಿಂತಿತ್ತು ಎನ್ನುತ್ತಾರೆ ನನ್ನ ಗಂಡ. ನನ್ನ ನೆನಪಿನಲ್ಲಿ ಒಂದೇ ಅಂಕಿ ಸಾಲಾಗಿ ನಿಂತಿದೆ. ಅದು ಚಂದ ಕಾಣಲೆಂದು ಆಮೇಲೆ ನಾನೇ ಜೋಡಿಸಿಕೊಂಡದ್ದಿರಬೇಕು. ನನ್ನ ನೆನಪಿಗೆ ಹಾಗೆ ಜೋಡಿಸುವ ಚಟವಿದೆ. ಆದ್ದರಿಂದ ಇಲ್ಲಿ ಬರೆಯುವಾಗ ಅಲ್ಲಲ್ಲಿ ನಿಂತು ಅಳಿಸುತ್ತೇನೆ. ಅಳಿಸಲಾಗದೆ ಉಳಿಯುವುದು ದಣಿವೊಂದೇ.

ಮನೆ ಕೊಪ್ಪಳದಲ್ಲಿ, ಕೆಲಸ ಯಲಬುರ್ಗಾದ ಸರ್ಕಾರಿ ಕಚೇರಿಯೊಂದರಲ್ಲಿ. ಗಂಡ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಾರೆ. ಅವರು ಬಸ್ಸು ಹಿಡಿದು ಆ ದಿಕ್ಕಿಗೆ, ನಾನು ಈ ದಿಕ್ಕಿಗೆ. ಮಗಳು ಹಾಸ್ಟೆಲ್ಲಿನಲ್ಲಿ. ಹಗಲು ಮನೆಯಲ್ಲಿ ಉಳಿಯುವವರು ಮಾವ ಒಬ್ಬರೇ. ಇಲಾಖೆಯೊಂದರ ಜೀಪ್ ಓಡಿಸಿ ನಿವೃತ್ತರಾದವರು. ಬಸ್ಸಿನಲ್ಲಿ ನಿಂತು ನಿಂತು ನನ್ನ ಸೊಂಟ ಹೋದಾಗ, ಮನೆಯ ಹಳೆಯ ವ್ಯಾನನ್ನು ಓಡಿಸಲು ಕಲಿಸಿದವರೂ ಅವರೇ. ಆಮೇಲೆ ಅವರ ಕಣ್ಣು ಮಂಜಾಗಿ, ವ್ಯಾನು ಪೂರ್ತಿ ನನ್ನ ಪಾಲಿಗೆ ಬಂತು.

ಈ ತರದ ವ್ಯಾನಿನಲ್ಲಿ ಇಂಜಿನ್ ಮುಂದೆ ಇರುವುದಿಲ್ಲ, ಮುಂದಿನ ಸೀಟಿನ ಕೆಳಗಿರುತ್ತದೆ. ಎಣ್ಣೆ ನೋಡಬೇಕಾದರೆ ಸೀಟನ್ನೇ ಎತ್ತಬೇಕು. ಬೇಸಿಗೆಯಲ್ಲಿ ಕಾದ ಹಂಚಿನ ಮೇಲೆ ಕೂತಂತೆ. ಬೆಳಿಗ್ಗೆ ಐದಕ್ಕೆ ಎದ್ದು, ರೊಟ್ಟಿ ಬಡಿದು, ಆ ಹಂಚಿನ ಮೇಲೆ ಕೂತು ಕುಕನೂರು ದಾಟಿ ಹೋಗುವುದು, ಸಂಜೆ ಅದೇ ಹಂಚಿನ ಮೇಲೆ ಹಿಂದಕ್ಕೆ ಬರುವುದು. ಇಷ್ಟು ವರ್ಷದಲ್ಲಿ ಆ ದಾರಿಯ ಬಗ್ಗೆ ನನ್ನಲ್ಲಿ ಒಂದು ಒಳ್ಳೆಯ ವಾಕ್ಯವೂ ಹುಟ್ಟಿಲ್ಲ. ಎರಡೂ ಕಡೆ ಕರಿ ನೆಲ, ನಡುವೆ ತೂಕಡಿಕೆ.

ಒಂದು ವರ್ಷ ವ್ಯಾನು ದಾರಿಯಲ್ಲಿ ಕೆಟ್ಟು ನಿಲ್ಲತೊಡಗಿತು. ಒಂದು ಸಂಜೆ ಲಾರಿಯೊಂದು ಎಳೆದು ತಂದು ಮನೆ ಮುಂದೆ ಬಿಟ್ಟಾಗ ನಾನು ಚಪ್ಪಲಿ ಕಳಚದೆಯೇ ಹೇಳಿದೆ: "ಇನ್ನೊಮ್ಮೆ ಇದು ನಿಂತ್ರ ನಾ ಯಲಬುರ್ಗಾದಾಗ ಬಾಡಿಗಿ ಖೋಲಿ ಮಾಡ್ತೀನಿ. ಶನಿವಾರಕ್ಕ ಬಂದು ಹೋಗ್ತೀನಿ."

ಮಾವ, ಗಂಡ ಇಬ್ಬರೂ ಅದನ್ನು ಬೆದರಿಕೆ ಎಂದುಕೊಂಡರು. ನನ್ನ ಮಟ್ಟಿಗೆ ಅದು ಅರ್ಧ ಆಸೆ. ಕಚೇರಿಯಲ್ಲಿ ಪಕ್ಕದ ಮೇಜಿನವಳು ದಿನವೂ ಕೆಣಕುತ್ತಿದ್ದಳು: "ಅಕ್ಕಾ, ನಮ್ಮ ಮಾಳಿಗಿ ಮ್ಯಾಲಿನ ಖೋಲಿ ಖಾಲಿ ಐತಿ. ಎಂಟಕ್ಕ ಎದ್ರೂ ನಡೀತೈತಿ ನಿನಗ. ಎಂಟಕ್ಕ! ನಿನ್ನ ಜನ್ಮದಾಗ ಎಂಟು ಗಂಟಿ ಬಿಸಲು ಹಾಸಿಗಿ ಮ್ಯಾಲ ನೋಡಿಯೇನು?"

ಅಲ್ಲಿಂದ ಮುಂದೆ ನಾನು ಮನೆಯಲ್ಲಿ ಇರುವುದೂ ಬಿಡುವುದೂ ವ್ಯಾನಿನ ಆರೋಗ್ಯದ ಮೇಲೆ ನಿಂತಿತು. ಗಂಡಸರಿಬ್ಬರೂ ಅದರ ಆರೈಕೆಗೆ ಇಳಿದರು. ಗಂಡ ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಏನೇನೋ ನೋಡಿ ಬಂದು, ಇನ್ನು ಮುಂದೆ ಸಿಂಥೆಟಿಕ್ ಆಯಿಲ್ ಹಾಕೋಣ ಎಂದರು. ಇಂಜಿನ್ ಕಡಿಮೆ ಕಾಯುತ್ತದೆ, ಸವೆತ ಕಡಿಮೆ, ಬೆಳಿಗ್ಗೆ ಬೇಗ ಸ್ಟಾರ್ಟ್ ಆಗುತ್ತದೆ, ಪದೇ ಪದೇ ಬದಲಿಸುವುದೂ ಬೇಡ.

ಮಾವ ಬೇಡವೆಂದು ತಲೆಯಾಡಿಸಿದರು. "ಹಳೇ ಇಂಜಿನ್ ಅಂದ್ರ ಹಳೇ ಮನಿ ಇದ್ದಂಗ. ಒಳಗ ಕಟ್ಟಿದ ಎಣ್ಣಿ ರಾಡೀನ ಅದಕ್ಕ ಗಿಲಾವ್. ಅದನ್ನ ತೊಳದ್ರ ಗ್ವಾಡಿ ನಿಂದ್ರತೈತೇನು?"

"ಯಪ್ಪಾ, ನಿನ್ನ ಜೀಪಿನ ಕಾಲ ಹೋತು."

"ಜೀಪಿನ ಕಾಲ ಹೋಗಿಲ್ಲೋ ಮಗನ, ನಾ ರಿಟೈರ್ ಆಗೀನಿ, ಅಷ್ಟ."

ಒಂದು ಭಾನುವಾರ ಗ್ಯಾರೇಜಿಗೆ ಹೋದೆವು. ನನ್ನ ನೆನಪಿನಲ್ಲಿ ಮೂವರೂ ಅಲ್ಲಿದ್ದೇವೆ. ಗಂಡ ತಾನು ಬಂದೇ ಇರಲಿಲ್ಲ, ಎಣ್ಣೆಯ ಡಬ್ಬಿ ಮಾತ್ರ ತಂದುಕೊಟ್ಟೆ ಎನ್ನುತ್ತಾರೆ. ಇರಲಿ. ಮಿಸ್ತ್ರಿ ಡಬ್ಬಿಯನ್ನು ತಿರುಗಿಸಿ ನೋಡಿ, "ನೋಡ್ರಿ ಅಕ್ಕಾರ, ಎಣ್ಣಿ ಛಲೋನ ಐತಿ. ಹಾಕಂದ್ರ ಹಾಕ್ತೀನಿ. ಆದ್ರ ಎಣ್ಣಿ ತಡಿಯೂ ರಬ್ಬರ್ ಸೀಲ್ ಹಳೇವು ಅದಾವ. ರಾಡಿ ಬಿಟ್ಟ ಕೂಡ್ಲೆ ಸೋರಬಹುದು, ಸೋರದನೂ ಇರಬಹುದು. ನಾ ಏನ್ ಜೋತಿಷಿ ಅಲ್ರಿ" ಎಂದ.

"ಜೋತಿಷಿ ಆಗಿದ್ರ ಮೊದಲ ರೊಕ್ಕ ಇಸಗೋತಿದ್ದಿ," ಎಂದರು ಮಾವ.

ಮಿಸ್ತ್ರಿ ಇಂಜಿನ್ನಿನ ಒಳಗನ್ನು ಒಮ್ಮೆ ತೊಳೆದು ಹೊಸ ಎಣ್ಣೆ ಹಾಕಿದ. ಜೇನಿನ ಬಣ್ಣ. ಇಂಜಿನ್ ತಣ್ಣಗಿದ್ದಾಗ ಸೀಟೆತ್ತಿ ಗೇಜು, ಅಂದರೆ ಎಣ್ಣೆಯ ಮಟ್ಟ ನೋಡುವ ಕಡ್ಡಿ, ಎಳೆದು ನೋಡಿ, ಕೆಳಗಿನ ಗೆರೆಗಿಂತ ಇಳಿದರೆ ಮಾತ್ರ ಹಾಕಿ ಎಂದು ಹೇಳಿ ಕಳಿಸಿದ. ಈ ಮಾತನ್ನು ಯಾರಿಗೆ ಹೇಳಿದ ಎನ್ನುವುದು ಇವತ್ತಿಗೂ ಇತ್ಯರ್ಥವಾಗಿಲ್ಲ. ಮಗನಿಗೆ ಎನ್ನುತ್ತಾರೆ ಅಪ್ಪ, ಅಪ್ಪನಿಗೆ ಎನ್ನುತ್ತಾರೆ ಮಗ. ನನಗೆ ಮಾತು ನೆನಪಿದೆ, ಆಗ ಅವನು ಯಾರ ಕಡೆ ನೋಡುತ್ತಿದ್ದ ಎಂಬುದು ನೆನಪಿಲ್ಲ.

ತೆಗೆದ ಕರಿ ಎಣ್ಣೆಗೆ ಎದುರುಮನೆಯ ಅಜ್ಜಿ ಕಾದು ಕೂತಿದ್ದಳು. ಪ್ರತಿ ಸಲವೂ ಅದನ್ನು ಒಯ್ದು ಬಾಗಿಲ ಚೌಕಟ್ಟಿಗೆ ಬಳಿಯುತ್ತಾಳೆ, ಗೆದ್ದಲು ಹತ್ತುವುದಿಲ್ಲ.

"ಏನವ್ವಾ, ಈ ಹೊಸಾ ಎಣ್ಣಿ ಭಾಳ ದಿನ ನಡೀತೈತಂತಲ್ಲ? ಹಂಗಾದ್ರ ನನ್ನ ಬಾಗಲಾ ಗೊರ್ಲಿ ತಿಂದು ಹೋಗ್ಲೇನು?"

"ನಿನ್ನ ಬಾಗಲಾ ಉಳಿಸಾಕ ನಾವು ಗಾಡಿ ಎಣ್ಣಿ ತಗಸಬೇಕೇನಬೇ?" ಎಂದರು ಮಾವ.

"ಮತ್ತ ಇಷ್ಟು ವರ್ಷ ಏನ್ ಮಾಡಿದ್ರಿ?"

ಮೊದಲ ವಾರ ವ್ಯಾನು ಮೆತ್ತಗೆ ಓಡಿತು. ಸೀಟಿನ ಕೆಳಗಿನ ಕಟಕಟ ಇಳಿಯಿತು. ಗಂಡ ಹಿಗ್ಗಿದರು. ನನಗೆ ಸ್ವಲ್ಪ ನಿರಾಸೆಯಾಯಿತು, ಅದನ್ನೂ ಬರೆಯಬೇಕು. ಆಮೇಲೆ ಅಂಗಳದಲ್ಲಿ, ವ್ಯಾನು ನಿಲ್ಲುವ ಜಾಗದಲ್ಲಿ, ಹನಿ ಕಾಣಿಸಿಕೊಂಡಿತು. ಮರುದಿನ ಅದರ ಮೇಲೆ ಒಂದು ರಟ್ಟು ಬಂತು. ಅದರ ಮರುದಿನ ಹೊಸ ರಟ್ಟು. ಯಾರು ಹಾಕುತ್ತಾರೆ, ಯಾರು ತೆಗೆಯುತ್ತಾರೆ ಎಂದು ನಾನು ಕೇಳಲಿಲ್ಲ. ಬೆಳಿಗ್ಗೆ ಬಚ್ಚಲಿನಲ್ಲಿ ತೊಳೆದಿಟ್ಟ ಒಂದು ಹಳೆಯ ಮಗ್ಗು ಇರುತ್ತಿತ್ತು. ಇರುತ್ತಿತ್ತೇ? ಎಲ್ಲ ಗೊತ್ತಾದ ಮೇಲೆ ಆ ಮಗ್ಗನ್ನು ನೆನಪಿನಲ್ಲಿ ಹಿಂದಕ್ಕೆ ಒಯ್ದು ನಾನೇ ಅಲ್ಲಿಟ್ಟಿರಲೂಬಹುದು.

ಒಂದು ಬೆಳಿಗ್ಗೆ ಕುಕನೂರು ದಾಟಿದ್ದೆ. ಸೀಟಿನ ಸಂದಿಯಿಂದ ಸುಟ್ಟ ಎಣ್ಣೆಯ ವಾಸನೆ ಏರಿತು. ಬೈಕಿನವನೊಬ್ಬ ಪಕ್ಕಕ್ಕೆ ಬಂದು, "ಅಕ್ಕಾರ, ಹಿಂದ ನೋಡ್ರಿ, ಹೊಗಿ! ರೈಲ್ ಎಂಜಿನ್ ಆಗೇತಿ!" ಎಂದು ಕೂಗಿ ಮುಂದೆ ಹೋದ. ಕನ್ನಡಿಯಲ್ಲಿ ರಸ್ತೆಯೇ ಇರಲಿಲ್ಲ, ಬರೀ ನೀಲಿ ಹೊಗೆ. ಬದಿಗೆ ತಂದೆ. ಅದು ಎರಡು ಸಲ ನಡುಗಿ ನಿಂತಿತು.

ಆ ಕ್ಷಣ ನನಗೆ ಹಗುರವಾಯಿತು. ನಿಂತಿತು, ಇನ್ನು ಖೋಲಿ. ನಾನು ಏನೂ ವಾದಿಸಬೇಕಾಗಿಲ್ಲ. ಬೇವಿನ ಮರದ ಕೆಳಗೆ ಕೂತು ಮನೆಗೆ ಫೋನ್ ಮಾಡಿದೆ. (ಬೇವಿನ ಮರ ಇರಲಿಲ್ಲ. ಬಿಸಿಲಲ್ಲೇ ಕೂತಿದ್ದೆ.)

ಮಾವ ಮಿಸ್ತ್ರಿಯ ಬೈಕಿನ ಹಿಂದೆ ಕೂತು ಬಂದರು. ಮಿಸ್ತ್ರಿ ಸೀಟೆತ್ತಿ, ಸ್ವಲ್ಪ ಹೊತ್ತು ಆರಲು ಬಿಟ್ಟು, ಗೇಜು ಎಳೆದು ಒರೆಸಿ, ಮತ್ತೆ ಅದ್ದಿ, ಬಿಸಿಲಿಗೆ ಹಿಡಿದ. ಆಮೇಲೆ ನಗತೊಡಗಿದ.

"ಅಜ್ಜಾರ, ಇದು ಎಣ್ಣಿ ಕಮ್ಮಿ ಆಗಿ ನಿಂತಿಲ್ರಿ. ಭಾಳ ಆಗಿ ನಿಂತೈತಿ. ಕುತ್ತಿಗಿತನ ಉಂಡಂಗ ಆಗೇತಿ ಇದಕ್ಕ. ಯಾರ್ ಹಾಕ್ಯಾರ್ರಿ ಇಷ್ಟು?"

ಮಾವ ಎಲ್ಲೋ ನೋಡಿದರು. "ದಿನಾ ಮುಂಜಾನಿ ಒಂದೀಟ ಹಾಕೀನಿ. ಮನ್ಯಾಗ ಮೊದಲ ಹಾಕ್ತಿದ್ದ ಎಣ್ಣಿ ಡಬ್ಬಿ ಉಳದಿತ್ತು."

"ಒಂದೀಟಕ್ಕ ಇಷ್ಟ ಆಗೂದಿಲ್ರಿ."

ಅಷ್ಟರಲ್ಲಿ ಗಂಡನ ಫೋನ್ ಬಂತು. ಗಂಗಾವತಿಯ ಬಸ್ಸಿನಲ್ಲಿದ್ದರು. ಸ್ಪೀಕರಿಗೆ ಹಾಕಿ ವಿಷಯ ಹೇಳಿದೆ. ಬಸ್ಸಿನ ಸದ್ದಿನ ನಡುವೆ ಅವರ ದನಿ: "ನಾನೂ ಹಾಕೀನಿ. ಸಂಜಿಗೆ ನೀ ಬಂದ ಕೂಡ್ಲೆ ನೋಡ್ತಿದ್ದೆ, ಕಡ್ಡಿ ಮ್ಯಾಲ ಕಮ್ಮೀನ ಕಾಣ್ತಿತ್ತು."

ಮಿಸ್ತ್ರಿ ಫೋನಿನತ್ತ ಬಾಗಿ, "ಸಾಹೇಬ್ರ, ಬಂದ ಕೂಡ್ಲೆ ನೋಡಿದ್ರ ಎಣ್ಣಿ ಇನ್ನಾ ಮ್ಯಾಲ ಇರ್ತೈತಿ, ಕೆಳಗ ಇಳಿದಿರೂದಿಲ್ರಿ!" ಎಂದ.

ನಾನು ಮಾವನ ಕಡೆ ತಿರುಗಿದೆ. "ನೀವು ಜೀಪ್ ಓಡಿಸಿದವರು. ನಿಮಗ ಗೊತ್ತಾಗಲಿಲ್ಲೇನ್ರಿ ಮಾವಾರ?"

"ಕಡ್ಡಿ ಮ್ಯಾಲ ಎಣ್ಣೀನ ಕಾಣವಲ್ದವಾ," ಎಂದರು. "ಕರೀದಿದ್ದಾಗ ಗೆರಿ ತನಕ ಕಾಣ್ತಿತ್ತು. ಇದು ನೀರಿನಂಗ ಐತಿ. ಇಲ್ಲ ಅಂತ ತಿಳಕೊಂಡೆ. ಕೆಳಗ ಹನೀನೂ ಬಿದ್ದಿತ್ತು."

"ನನಗ ಹೇಳಬೇಕಿಲ್ರಿ?"

"ಏನಂತ ಹೇಳ್ಲಿ? ಸೋರಾಕತ್ತೈತಿ ಅಂದ್ರ ನೀ ಖೋಲಿ ಮಾಡ್ತಿದ್ದಿ."

ಫೋನ್ ಇನ್ನೂ ನನ್ನ ಕೈಯಲ್ಲೇ ಇತ್ತು. ಅದರೊಳಗಿಂದ ಗಂಡ, "ನಾನೂ ಅದಕ್ಕ," ಎಂದರು. "ಮತ್ತ ಅಪ್ಪಗ ಗೊತ್ತಾದ್ರ, ನಾ ಮೊದಲ ಹೇಳಿದ್ದಿಲ್ಲೇನು ಅಂತಿದ್ದ," ಎಂದು ಸೇರಿಸಿದರು.

"ಹೇಳಿದ್ದಿಲ್ಲೇನು?" ಎಂದರು ಮಾವ ರಸ್ತೆಯಿಂದಲೇ.

ಇಂಜಿನ್ನನ್ನು ಸಂಸಾರಕ್ಕೆ ಹೋಲಿಸಲು ಇಲ್ಲಿ ಒಳ್ಳೆಯ ಜಾಗವಿದೆ. ಹೋಲಿಸುವುದಿಲ್ಲ. ಅದು ಒಂದು ಹಳೆಯ ವ್ಯಾನು, ಅದರಲ್ಲಿ ಎಣ್ಣೆ ಹೆಚ್ಚಾಗಿತ್ತು. ಮಿಸ್ತ್ರಿ ಅಲ್ಲೇ ಸ್ವಲ್ಪ ಇಳಿಸಿ, ಗ್ಯಾರೇಜಿಗೆ ಒಯ್ದು, ಸೋರುತ್ತಿದ್ದ ಸೀಲು ಬದಲಿಸಿ, ಬೆರಕೆಯಾದದ್ದನ್ನೆಲ್ಲ ತೆಗೆದು ಮತ್ತೆ ಸಿಂಥೆಟಿಕ್ಕನ್ನೇ ಹಾಕಿದ. ಎಣ್ಣೆ ಸರಿಯಾಗಿದೆ, ಎಣ್ಣೆಯ ಮೇಲೆ ತಪ್ಪಿಲ್ಲ ಎಂದ. ಗೇಜು ನೋಡುವ ಕೆಲಸ ನನಗೊಬ್ಬಳಿಗೇ ಎಂದು ಇಬ್ಬರ ಮುಂದೆಯೂ ಎರಡೆರಡು ಸಲ ಹೇಳಿದ.

ಆಮೇಲೆ ವ್ಯಾನು ನಿಲ್ಲಲೇ ಇಲ್ಲ. ಅದೇ ಕಷ್ಟವಾಯಿತು. ಪ್ರತಿ ಬೆಳಿಗ್ಗೆ ಸೀಟೆತ್ತಿ ಕಡ್ಡಿ ನೋಡುತ್ತಿದ್ದೆ. ಎಣ್ಣೆ ಇರಬೇಕಾದ ಗೆರೆಯಲ್ಲೇ ಇರುತ್ತಿತ್ತು. ರಟ್ಟು ಒಣಗಿಯೇ ಇರುತ್ತಿತ್ತು. ಐದಕ್ಕೆ ಏಳುತ್ತಿದ್ದೆ, ಹೋಗುತ್ತಿದ್ದೆ, ಬರುತ್ತಿದ್ದೆ. ಕೆಟ್ಟು ನಿಂತ ಗಾಡಿಯನ್ನು ತೋರಿಸಿ ಹೊರಡಬಹುದಿತ್ತು. ಓಡುವ ಗಾಡಿಯನ್ನು ಬಿಟ್ಟು ಹೊರಡಲು ಏನು ಹೇಳಬೇಕೆಂದು ಗೊತ್ತಾಗಲಿಲ್ಲ. ಕುಷ್ಟಗಿಯಿಂದ ಅಕ್ಕ ಬಂದವಳು ನನ್ನ ಮುಖ ನೋಡಿ, "ಯಾಕ, ಜ್ವರ ಬಂದಾವೇನು?" ಎಂದಳು. ಇಲ್ಲ ಎಂದೆ. ಜ್ವರ ಬಂದಿದ್ದರೆ ಸುಲಭವಿತ್ತು.

ಒಂದು ದಿನ ಊಟಕ್ಕೆ ಕೂತಾಗ ಹೇಳಿಬಿಟ್ಟೆ. "ಗಾಡಿ ಛಲೋ ಓಡಾಕತ್ತೈತಿ. ಆದ್ರೂ ನಾ ಯಲಬುರ್ಗಾದಾಗ ಖೋಲಿ ಮಾಡ್ತೀನಿ."

ಗಂಡ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. ಮಾವ ತಟ್ಟೆ ನೋಡುತ್ತಲೇ ಕೇಳಿದರು: "ಗಾಡಿ ಮ್ಯಾಲ ತಪ್ಪಿಲ್ಲಂದ್ರ, ನಮ್ಮ ಮ್ಯಾಲೇನವಾ?"

"ಯಾರ ಮ್ಯಾಲೂ ಇಲ್ರಿ. ನನಗ ನಿದ್ದಿ ಬೇಕಾಗೇತಿ."

ಮಾವ ಏನೋ ಹೇಳಿದರು, ಅಥವಾ ಹೇಳಲಿಲ್ಲ. ಗಂಡ, "ಶನಿವಾರ ಖರೇನ ಬರ್ತೀಯಲ್ಲ?" ಎಂದದ್ದು ಮಾತ್ರ ನಿಜ.

ಸೋಮವಾರ ವ್ಯಾನಿನಲ್ಲೇ ಹಾಸಿಗೆ, ಒಲೆ, ಎರಡು ಕೊಡ ಹೇರಿಕೊಂಡು ಹೋದೆ. ಸಂಜೆ ಖೋಲಿಯ ಕಿಟಕಿಯಲ್ಲಿ ಇನ್ನೂ ಬೆಳಕಿರುವಾಗಲೇ ಊಟ ಮುಗಿದಿತ್ತು. ಮಾವನ ಫೋನ್ ಬಂತು.

"ಬಾಗಲಾ ಹಾಕ್ಕೊಂಡಿಯೇನವಾ?"

"ಹಾಕ್ಕೊಂಡೀನ್ರಿ."

"ಇಲ್ಲಿ ನಿನ್ನ ಗಂಡ ಸಾರು ಮಾಡ್ಯಾನ. ಉಪ್ಪು ನಾನೂ ಹಾಕಿದ್ದೆ, ಅವನೂ ಹಾಕ್ಯಾನ."

ನಾನು ನಕ್ಕೆ. ಹಾಸಿಗೆಯ ಮೇಲೆ ಒರಗಿದ್ದೆ, ಫೋನ್ ಕಿವಿಯ ಪಕ್ಕದಲ್ಲಿತ್ತು. ಅವರು ಸಾರಿನ ಬಗ್ಗೆ, ಆಮೇಲೆ ಎದುರುಮನೆಯ ಅಜ್ಜಿಯ ಬಗ್ಗೆ ಹೇಳುತ್ತಿದ್ದರು. ಅಲ್ಲಿಗೇ ನನಗೆ ನಿದ್ದೆ ಹತ್ತಿರಬೇಕು. ಆಮೇಲೂ ತಾವು ಬಹಳ ಹೊತ್ತು ಮಾತಾಡಿದ್ದಾಗಿ, ನಾನು ಹೂಂ ಅನ್ನುವುದನ್ನೂ ಬಿಟ್ಟಿದ್ದಾಗಿ ಅವರು ಶನಿವಾರ ಹೇಳಿದರು. ಏನು ಹೇಳಿದಿರಿ ಎಂದು ಕೇಳಿದೆ. "ನೆನಪಿಲ್ಲ," ಎಂದರು.