ಬಾಗಿಲು ಹಾಕಿ ಆಡಿಸಿದ ಪಂದ್ಯ

ಐಸ್ ಹಾಕಿ ತಂಡಕ್ಕೆ ಹೆಡ್ ಕೋಚ್ ಆದವನಿಗೆ ಕೆಲಸಕ್ಕೆ ಸೇರಿದ ದಿನವೇ ಒಂದು ವಿಷಯ ಖಚಿತವಾಗಿ ಗೊತ್ತಿರುತ್ತದೆ: ತನ್ನನ್ನು ತೆಗೆದುಹಾಕುತ್ತಾರೆ. ಯಾವತ್ತು ಎಂಬುದಷ್ಟೇ ಬಾಕಿ. ಸಿಂಗಪುರಕ್ಕೆ ಬರುವ ಮೊದಲೇ ನಾನು ಮೂರು ಕಡೆ ಈ ಸಂಸ್ಕಾರ ಪಡೆದಿದ್ದೆ. ಮೂವರು ಮಾಲೀಕರಲ್ಲಿ ಒಬ್ಬರೂ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಹೇಳುವ ಮರ್ಯಾದೆ ತೋರಿಸಲಿಲ್ಲ. ಮೊದಲನೆಯವರು ಕಾರ್ ಪಾರ್ಕಿನಲ್ಲಿ ಹೇಳಿದರು. ಎರಡನೆಯವರು ಲಿಫ್ಟಿನಲ್ಲಿ, ಲಿಫ್ಟು ಕೆಳಗೆ ಮುಟ್ಟುವಷ್ಟರಲ್ಲಿ ನಾನೂ ಮುಟ್ಟಿದ್ದೆ. ಮೂರನೆಯವರು ಕೈತೊಳೆಯುವ ಬೇಸಿನ್ನಿನ ಮುಂದೆ, ಕನ್ನಡಿಯಲ್ಲಿ ನನ್ನ ಮುಖ ನೋಡುತ್ತ ಹೇಳಿ, ಕೈ ಒರೆಸಿಕೊಂಡು ಹೋದರು. ಮೂವರೂ ಶುರು ಮಾಡಿದ್ದು ಮಾತ್ರ ಒಂದೇ ಮಾತಿನಿಂದ: “ಒಂದು ನಿಮಿಷ.” ಇವತ್ತಿಗೂ ಯಾರಾದರೂ ನನ್ನನ್ನು ತಡೆದು ಹಾಗೆಂದರೆ ಎದೆ ಧಸಕ್ಕೆನ್ನುತ್ತದೆ.

ಬೆಂಗಳೂರಿನವನು ಈ ಕಸುಬಿಗೆ ಬಿದ್ದದ್ದು ಹೇಗೆಂದು ಕೇಳುವವರುಂಟು. ಸಿಮೆಂಟು ನೆಲದ ಮೇಲೆ ಚಕ್ರದ ಸ್ಕೇಟ್ಸ್ ಕಟ್ಟಿಕೊಂಡು ಹಾಕಿ ಆಡುತ್ತಿದ್ದ ಹುಡುಗ ನಾನು. ಓದಲಿಕ್ಕೆಂದು ಹಿಮ ಬೀಳುವ ದೇಶಕ್ಕೆ ಕಳಿಸಿದರು. ಅಲ್ಲಿ ಓದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಶ್ರದ್ಧೆಯಿಂದ ಕಲಿತೆ. ಮೊದಲು ಮಕ್ಕಳ ತಂಡ, ಆಮೇಲೆ ದೊಡ್ಡ ತಂಡಗಳಲ್ಲಿ ಅಸಿಸ್ಟೆಂಟು, ಆಮೇಲೆ ಹೆಡ್ ಕೋಚ್ ಎಂಬ ಸಿಂಹಾಸನ. ಊರಿನ ನೆಂಟರು ಇದೆಲ್ಲವನ್ನೂ “ಹಾಕಿ ಮೇಷ್ಟ್ರು” ಎಂಬೆರಡು ಪದಗಳಲ್ಲಿ ಮುಗಿಸುತ್ತಾರೆ.

ಸಿಂಗಪುರದ ನಮ್ಮ ಐಸಿನ ಅಂಗಳ, ರಿಂಕು, ಇದ್ದದ್ದು ಒಂದು ಮಾಲಿನ ಮೇಲಂತಸ್ತಿನಲ್ಲಿ. ಕೆಳಗೆ ನೂಡಲ್ಸ್ ಅಂಗಡಿ, ಮೇಲೆ ಉತ್ತರ ಧ್ರುವ. ಈ ಊರಿನ ಗಾಳಿಯನ್ನು ಬಟ್ಟೆ ಹಿಂಡುವಂತೆ ಹಿಂಡಿದರೆ ನೀರು ಬಂದೀತು. ಅಂಥ ಗಾಳಿ ಒಳಗೆ ನುಗ್ಗಿ ಐಸಿಗೆ ತಾಗಿತೋ, ಕ್ಷಣದಲ್ಲಿ ಮಂಜು ಏಳುತ್ತದೆ. ಮಂಜೆದ್ದರೆ ಐಸಿನ ಮೇಲೆ ಜಾರುವ ಪಕ್, ಅಂದರೆ ಚೆಂಡಿನ ಬದಲು ಆಡುವ ಆ ಕಪ್ಪು ರಬ್ಬರ್ ಬಿಲ್ಲೆ, ಯಾರಿಗೂ ಕಾಣುವುದಿಲ್ಲ. ಅದಕ್ಕೇ ಪ್ರೇಕ್ಷಕರು ಬರುವ ದಾರಿಗೆ ಒಂದರ ಹಿಂದೊಂದು ಎರಡು ಗಾಜಿನ ಬಾಗಿಲು ಇಟ್ಟಿದ್ದರು. ಒಂದನ್ನು ಮುಚ್ಚಿದ ಮೇಲೆಯೇ ಇನ್ನೊಂದನ್ನು ತೆಗೆಯಬೇಕು. ಹೀಗೆಂದು ನಾಲ್ಕು ಭಾಷೆಗಳಲ್ಲಿ ಬರೆದು ಅಂಟಿಸಿದ್ದರು. ಕನ್ನಡ ಆ ನಾಲ್ಕರಲ್ಲಿ ಇರಲಿಲ್ಲ.

ಸೀಸನ್ನಿನ ಕೊನೆಯ ಪಂದ್ಯಕ್ಕೆ ಒಂದು ವಾರವಿದ್ದಾಗ ಮಾಲೀಕ ನನ್ನನ್ನು ಎಸ್ಕಲೇಟರಿನ ಬುಡದಲ್ಲಿ ತಡೆದ. “ಒಂದು ನಿಮಿಷ” ಎಂದ. ಅವನು ಆಡಿದ್ದು ಇಂಗ್ಲಿಷಿನಲ್ಲಿ. ಕನ್ನಡಕ್ಕೆ ತಂದರೆ ಕೊಂಚ ಮೆತ್ತಗಾಗುತ್ತದೆ.

“ಭಾನುವಾರ ಗೆಲ್ಲಬೇಕು. ಮತ್ತೆ ಸೀಟುಗಳು ತುಂಬಿರಬೇಕು. ಹೊಸ ಸ್ಪಾನ್ಸರನ್ನು ಕರೀತಿದ್ದೀನಿ. ಎರಡೂ ಆದರೆ ಮುಂದಿನ ಸೀಸನ್ನಿಗೂ ನೀನೇ. ಇಲ್ಲದಿದ್ದರೆ ಬೇರೆಯವರು.”

ಕೆಲಸ ಹೋದರೆ ಇಲ್ಲಿರಲು ಕೊಟ್ಟ ಪಾಸ್ ಹೋಗುತ್ತದೆ, ಪಾಸ್ ಹೋದರೆ ಸೆರಂಗೂನಿನ ಮನೆ ಖಾಲಿ ಮಾಡಿ ಗಂಡಹೆಂಡತಿ ಇನ್ನೊಂದು ದೇಶ ಹುಡುಕಬೇಕು. ಗೆಲ್ಲಿಸುವ ಪ್ರಯತ್ನ ನನಗೆ ಹೊಸದಲ್ಲ. ಸೀಟು ತುಂಬಿಸುವ ವಿದ್ಯೆ ಗೊತ್ತಿರಲಿಲ್ಲ. ನಮ್ಮ ಪಂದ್ಯಗಳಿಗೆ ಬರುತ್ತಿದ್ದವರು ಆಟಗಾರರ ಮನೆಯವರು ಮತ್ತು ಏಸಿ ತಣ್ಣಗಿದೆ ಎಂದು ಬಂದು ಕೂತವರು.

ನನ್ನ ಹೆಂಡತಿ ಸಂಗತಿ ಕೇಳಿ, “ಅಷ್ಟೇ ತಾನೇ?” ಎಂದು ಫೋನ್ ಎತ್ತಿಕೊಂಡಳು. ಕನ್ನಡದವರ ವಾಟ್ಸ್ಯಾಪ್ ಗುಂಪಿಗೆ ಸಂದೇಶ ಹೋಯಿತು: ನಮ್ಮವರ ತಂಡ, ಮಕ್ಕಳಿಗೆ ಐಸ್ ತೋರಿಸಬಹುದು, ಪಂದ್ಯದ ಮೇಲೆ ಚಿತ್ರಾನ್ನ. ಚಿತ್ರಾನ್ನದ ಶಕ್ತಿಯನ್ನು ನಾನು ಕಡಿಮೆ ಅಂದಾಜು ಮಾಡಿದ್ದೆ.

ಭಾನುವಾರ ಮಧ್ಯಾಹ್ನ ಪಂದ್ಯ ಶುರುವಾದಾಗ ಸೀಟುಗಳು ಎಂದಿನಂತೆ ಖಾಲಿ. ಎರಡನೆಯ ಭಾಗ ಮುಗಿಯುವ ಹೊತ್ತಿಗೆ ನಮ್ಮವರು ಬಂದರು. ಯಿಶುನ್‌ನಿಂದ, ಬೆಡೋಕ್‌ನಿಂದ, ಅಜ್ಜಿಯರ ಸಮೇತ, ಸ್ಟ್ರೋಲರುಗಳ ಸಮೇತ. ಬಂದವರು ಕೂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಕನ್ನಡಿಗ ಬಾಗಿಲನ್ನು ಸುಮ್ಮನೆ ದಾಟುವವನಲ್ಲ. ಹೊರಗಿನ ಬಾಗಿಲನ್ನು ಒಬ್ಬರು ಹಿಡಿದುಕೊಂಡರು, ಒಳಗಿನದನ್ನು ಇನ್ನೊಬ್ಬರು.

“ಬನ್ನಿ ಬನ್ನಿ, ನೀವು ಮೊದಲು.”

“ಛೇ, ನೀವು ನಡೀರಿ. ಎಷ್ಟು ದಿನ ಆಯ್ತು ನೋಡಿ! ಶಿಫ್ಟ್ ಆದ್ರಂತೆ?”

“ಹ್ಞೂಂ, ಹೊಸ ಕಾಂಡೋಗೆ. ಆಂಟಿ ಎಲ್ಲಿ?”

“ಹಿಂದೆ ಬರ್ತಿದಾಳೆ, ಬಾಗಿಲು ಹಿಡ್ಕೊಂಡಿರಿ ಸ್ವಲ್ಪ.”

ಎರಡೂ ಬಾಗಿಲು ಆತಿಥ್ಯಕ್ಕೆ ಬಾಯಿ ತೆರೆದು ನಿಂತವು. ಸಿಂಗಪುರದ ಗಾಳಿ ಅವರಿಗಿಂತ ಮೊದಲು ಒಳಗೆ ಬಂದು ಕೂತಿತು.

ಮೂರನೆಯ, ಕೊನೆಯ ಭಾಗ. ನಾವು ಒಂದು ಗೋಲು ಮುಂದಿದ್ದೆವು. ಐಸಿನ ಮೂಲೆಯಿಂದ ಬಿಳಿ ಹೊಗೆಯಂಥದು ಎದ್ದಿತು. ನೋಡನೋಡುತ್ತ ಆಟಗಾರರ ಕಾಲು ಮುಳುಗಿದವು, ಸೊಂಟ ಮುಳುಗಿತು. ಹೆಲ್ಮೆಟ್‌ಗಳು ಮಾತ್ರ ಮೋಡದ ಮೇಲೆ ತೇಲತೊಡಗಿದವು, ದೇವತೆಗಳು ಯಾವುದೋ ವಿಷಯಕ್ಕೆ ಜಗಳವಾಡುತ್ತಿರುವಂತೆ.

ನಮ್ಮ ಗೋಲ್‌ಕೀಪರ್ ಯಿಶುನ್‌ನ ಹುಡುಗಿ. ಅಪ್ಪ ಅಮ್ಮ ಮೈಸೂರಿನವರು, ಇವಳು ಬೆಳೆದದ್ದು ಇಲ್ಲೇ, ಮಾತಿನ ತುದಿಗೆ ಈ ಊರಿನ ‘ಲಾ’ ಅಂಟಿಸಿಕೊಂಡು. ಗೋಲಿನ ಮುಂದಿನಿಂದ ಕೂಗಿದಳು:

“ಕೋಚ್ ಅಂಕಲ್! ಏನೂ ಕಾಣ್ತಿಲ್ಲ ಲಾ! ಪಕ್ ಮೂಗಿನ ಹತ್ರ ಬಂದ್ಮೇಲೆ ಗೊತ್ತಾಗ್ತಿದೆ!”

ರೆಫರಿ ಆಟ ನಿಲ್ಲಿಸಿ ನನ್ನ ಬಳಿ ಬಂದ. ಇಂಥ ಹೊತ್ತಿನಲ್ಲಿ ಎರಡೂ ತಂಡದವರು ಸುತ್ತಲೂ ಸ್ಕೇಟ್ ಮಾಡಿ ಗಾಳಿ ಕಲಕುವುದು ಪದ್ಧತಿ. ಹಾಗೆ ಮಾಡಿಸುತ್ತೇನೆ, ಅಷ್ಟಕ್ಕೂ ಮಂಜು ಇಳಿಯದಿದ್ದರೆ ಪಂದ್ಯ ರದ್ದು ಎಂದ. ರದ್ದಾದರೆ ಗೆಲುವಿಲ್ಲ. ಗೆಲುವಿಲ್ಲದಿದ್ದರೆ ನಾನಿಲ್ಲ.

ಬಾಗಿಲ ಕಡೆ ನೋಡಿದೆ. ಸೀಟುಗಳು ಅರ್ಧ ತುಂಬಿದ್ದವು. ಉಳಿದರ್ಧ ಹೊರಗಿನ ಸಾಲಿನಲ್ಲಿ ನಗುತ್ತ ನಿಂತಿತ್ತು. ಅವರನ್ನು ಬಿಟ್ಟರೆ ಮಂಜು, ಬಿಡದಿದ್ದರೆ ಖಾಲಿ ಸೀಟು. ಮಾಲೀಕ ಹೇಳಿದ ಎರಡು ಷರತ್ತುಗಳು ಒಂದರ ಕತ್ತನ್ನೊಂದು ಹಿಡಿದಿದ್ದವು. ಗೋಲ್‌ಕೀಪರ್ ಹುಡುಗಿಯ ಅಪ್ಪ ಬೆಂಚಿನ ಹಿಂದೆಯೇ ಕೂತಿದ್ದರು. ಆಫೀಸಿನಲ್ಲಿ ದೊಡ್ಡ ಪ್ರಾಜೆಕ್ಟ್ ಮ್ಯಾನೇಜರು. ರಜೆ ಕೇಳಿದವರಿಗೆ ಇಲ್ಲವೆನ್ನುವುದರಲ್ಲಿ ಪಳಗಿದವರು ಎಂದು ಕೇಳಿದ್ದೆ. ಅವರನ್ನೇ ಕರೆದೆ.

“ಬಾಗಿಲು ಹಾಕಿ, ಅಲ್ಲೇ ನಿಂತ್ಕೊಳ್ಳಿ. ಹೊರಗೆ ಹೋಗೋರು ಹೋಗ್ಲಿ. ಒಳಗೆ ಒಂದು ನೊಣಾನೂ ಬರಬಾರದು.”

“ಸಾರ್, ನಮ್ಮನೆಯವಳು ಹೊರಗಿದಾಳೆ.”

“ನಮ್ಮನೆಯವಳೂ ಹೊರಗಿದಾಳೆ.”

ಇಬ್ಬರೂ ಒಂದು ಕ್ಷಣ ನಮ್ಮ ನಮ್ಮ ಭವಿಷ್ಯವನ್ನು ನೋಡಿಕೊಂಡೆವು. ಅವರು ಹೋಗಿ ಬಾಗಿಲು ಮುಚ್ಚಿ ಚಿಲಕ ಹಾಕಿದರು.

ಆಟಗಾರರು ಸುತ್ತು ಹೊಡೆದರು. ಒಳಗಿದ್ದ ಅಜ್ಜಿಯೊಬ್ಬರು ಶಾಲು ತೆಗೆದು ಬೀಸಿದರು. ಅದರಿಂದ ಎಷ್ಟು ಉಪಯೋಗವಾಯಿತೋ ಕಾಣೆ, ನೋಡಿ ಉಳಿದವರೂ ಜಾಕೆಟ್ ಬಿಚ್ಚಿ ಬೀಸಿದರು. ಮಂಜು ಸೊಂಟದಿಂದ ಮೊಣಕಾಲಿಗೆ, ಮೊಣಕಾಲಿಂದ ಪಾದಕ್ಕೆ ಇಳಿಯಿತು. ರೆಫರಿ ಆಟ ಶುರು ಮಾಡಿದ. ಆಗ ಪ್ರಾಜೆಕ್ಟ್ ಮ್ಯಾನೇಜರು ಓಡಿಬಂದರು.

“ಸಾರ್, ನಿಮ್ಮ ಓನರ್ ಹೊರಗಿದಾರೆ.”

“ಒಳಗೇ ಇದ್ರಲ್ರೀ!”

“ಯಾರನ್ನೋ ಕರ್ಕೊಂಡು ಬರೋಕೆ ಹೋಗಿದ್ರಂತೆ. ಜೊತೆಗೆ ಟೈ ಕಟ್ಟಿದವರು ಒಬ್ರಿದಾರೆ. ಬಾಗಿಲು ಬಡೀತಿದಾರೆ. ಹಿಂದೆ ನಮ್ಮೋರೆಲ್ಲ ಒತ್ತಿಕೊಂಡು ನಿಂತಿದಾರೆ, ತೆಗೆದ್ರೆ ಅಷ್ಟೂ ಜನ ನುಗ್ತಾರೆ. ಏನ್ ಮಾಡ್ಲಿ?”

ಬೆಂಚಿನಿಂದ ಬಾಗಿಲು ಕಾಣುತ್ತಿತ್ತು. ಗಾಜಿಗೆ ಮಾಲೀಕನ ಅಂಗೈ ಅಂಟಿತ್ತು. ಬಾಯಿ ಅಲ್ಲಾಡುತ್ತಿತ್ತು, ದನಿ ಕೇಳುತ್ತಿರಲಿಲ್ಲ. ಅವನ ಭುಜದಾಚೆ ನನ್ನ ಹೆಂಡತಿ, ಕೈಯಲ್ಲಿ ಚಿತ್ರಾನ್ನದ ಡಬ್ಬಿ.

ಅತ್ತ ಎದುರು ತಂಡದ ಕೋಚ್ ಕೈ ಎತ್ತಿದ. ಸೋಲುತ್ತಿರುವವರು ಕೊನೆಗಳಿಗೆಯಲ್ಲಿ ತಮ್ಮ ಗೋಲ್‌ಕೀಪರನ್ನೇ ಹೊರಗೆ ಕರೆದು, ಆ ಜಾಗಕ್ಕೆ ಇನ್ನೊಬ್ಬ ದಾಳಿಕಾರನನ್ನು ಇಳಿಸುವುದು ಈ ಆಟದಲ್ಲಿ ಉಂಟು. ಸ್ವಂತ ಮನೆಯ ಬಾಗಿಲು ತೆರೆದಿಟ್ಟು ಪಕ್ಕದ ಮನೆಗೆ ಕನ್ನ ಹಾಕಲು ಹೊರಟಂತೆ. ಆರೂ ಮಂದಿ ನಮ್ಮ ಹುಡುಗಿಯ ಮೇಲೆ ಬಂದರು.

“ಸಾರ್, ತೆಗೀಲಾ?” ಪ್ರಾಜೆಕ್ಟ್ ಮ್ಯಾನೇಜರು ಮತ್ತೆ ಕೇಳಿದರು.

ನಾನು ಐಸಿನ ಕಡೆ ಕೂಗಿದೆ: “ಪಕ್ ಕಾಣ್ತಿದೆಯಾ?”

“ಈಗ ಕಾಣ್ತಿದೆ ಅಂಕಲ್! ಡೋರ್ ಮಾತ್ರ ಓಪನ್ ಮಾಡ್ಬೇಡಿ ಲಾ!”

ಅಪ್ಪ ಮಗಳ ಕಡೆ ನೋಡಿದರು, ಗಾಜಿನ ಕಡೆ ನೋಡಿದರು.

“ತೆಗೀಬೇಡಿ,” ಎಂದೆ.

ಅವರು ವಾಪಸ್ಸು ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಅವರ ಬೆನ್ನಿನ ಆಚೆ ಗಾಜು ಬಡಿಯುತ್ತಲೇ ಇತ್ತು.

ಮೊದಲ ಹೊಡೆತ ಅವಳ ಕೋಲಿಗೆ ತಾಗಿ ಹೊರಟಿತು. ಎರಡನೆಯದು ನಮ್ಮವನ ಬೆನ್ನಿಗೆ. ಮೂರನೆಯದು ಹತ್ತಿರದಿಂದ, ನೆಲಕ್ಕೆ ಅಂಟಿಕೊಂಡೇ ಬಂತು. ಅವಳು ಎರಡೂ ಕಾಲು ಮಡಚಿ ಐಸಿನ ಮೇಲೆ ಬಿದ್ದಳು, ಅವಳ ಮೇಲೆ ನಾಲ್ಕು ಜನ ಬಿದ್ದರು. ಸೀಟಿ ಮೊಳಗಿತು. ಪಕ್ ಎಲ್ಲಿ? ರೆಫರಿ ಒಬ್ಬೊಬ್ಬರನ್ನೇ ಎಬ್ಬಿಸಿ ಹುಡುಕಿದ. ಜೀವಮಾನದಲ್ಲಿ ಹರಕೆ ಕಟ್ಟದ ನಾನು ಯಾವ ದೇವರಿಗೆ ಕಟ್ಟಲೆಂದು ಯೋಚಿಸುತ್ತಿದ್ದೆ. ಕೊನೆಗೆ ಹುಡುಗಿ ಮೊಣಕಾಲೆತ್ತಿದಳು. ಪಕ್ ಅದರಡಿಯಲ್ಲಿತ್ತು, ಗೋಲಿನ ಗೆರೆಯ ಈಚೆಗೆ.

ಉಳಿದ ಅಷ್ಟಿಷ್ಟು ಹೊತ್ತನ್ನು ಹೇಗೋ ದೂಡಿದೆವು. ಗೆದ್ದೆವು.

ಬಾಗಿಲು ತೆಗೆಸಿದೆ. ಮೊದಲು ಬಂದವನು ಮಾಲೀಕ. ಟೈ ಕಟ್ಟಿದವರು ಇರಲಿಲ್ಲ. ಕಾದು ಸಾಕಾಗಿ ಹೊರಟುಹೋಗಿದ್ದರು. ಮಾಲೀಕನ ಕೈಯಲ್ಲಿ ಕಾಗದದ ತಟ್ಟೆ, ತಟ್ಟೆಯಲ್ಲಿ ನನ್ನ ಹೆಂಡತಿ ಬಡಿಸಿದ ಚಿತ್ರಾನ್ನ. ಅವನು ಹೊಸ್ತಿಲ ಮೇಲೆಯೇ ನಿಂತ.

“ಒಂದು ನಿಮಿಷ,” ಎಂದ.

ಒಳ್ಳೆಯ ಗೆಲುವು ಎಂದು ಕೈ ಕುಲುಕಿದ. “ನನ್ನ ರಿಂಕಿನಿಂದ ನನ್ನನ್ನೇ ಹೊರಗಿಟ್ಟವನನ್ನು ನಾನು ಹೇಗೆ ಇಟ್ಟುಕೊಳ್ಳಲಿ, ನೀನೇ ಹೇಳು,” ಎಂದ. ನ್ಯಾಯವಾದ ಪ್ರಶ್ನೆ. ಪಕ್ ಕಾಣುತ್ತಿರಲಿಲ್ಲ ಎಂದೆ. ಅದು ಅವನಿಗೆ ಅರ್ಥವಾಯಿತು ಎಂದೇ ನನ್ನ ನಂಬಿಕೆ, ಆದರೆ ಅರ್ಥವಾಗುವುದಕ್ಕೂ ಕೆಲಸ ಕೊಡುವುದಕ್ಕೂ ಸಂಬಂಧವಿಲ್ಲ. ತಟ್ಟೆ ಹಿಡಿದೇ ಹೋದ.

ಹೆಂಡತಿ ಬಂದಳು. “ಏನಂದ್ರು?”

“ಒಂದು ನಿಮಿಷ ಅಂದ್ರು.”

ಅವಳು ಡಬ್ಬಿಯ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು.

“ನಂಗೂ ತೆಗೀಲಿಲ್ಲ ನೀವು.”

“ಇಲ್ಲ.”

“ಆ ಹುಡುಗಿಗೆ ಪೆಟ್ಟಾಗಲಿಲ್ಲ ತಾನೇ?”

“ಇಲ್ಲ.”

“ಸರಿ ಹಾಗಾದ್ರೆ. ಖಾಲಿ ರಟ್ಟಿನ ಡಬ್ಬಗಳನ್ನೆಲ್ಲ ಬಿಸಾಕಬೇಡಿ ಅಂತ ಹೇಳ್ತಾನೇ ಇದ್ದೆ. ಪ್ಯಾಕಿಂಗಿಗೆ ಬೇಕಾಗ್ತವೆ.”

ಅಷ್ಟರಲ್ಲಿ ಹೊರಗಿದ್ದವರೂ ಒಳಗಿದ್ದವರೂ ಬಾಗಿಲಲ್ಲಿ ಸೇರಿ, ಹೊರಡುತ್ತೇವೆ ಎಂದು ಹೇಳುವ ಕಾರ್ಯಕ್ರಮ ಆರಂಭಿಸಿದ್ದರು. ಅದು ಬೇಗ ಮುಗಿಯುವಂಥದ್ದಲ್ಲ. ಎರಡೂ ಬಾಗಿಲು ಹಾರು ಹೊಡೆದಿದ್ದವು. ಹಿಂದೆ ಐಸಿನ ಮೇಲೆ ಮಂಜು ಮತ್ತೆ ಏಳುತ್ತಿತ್ತು. ಈ ಸಲ ಯಾರೂ ಶಾಲು ಬೀಸಲಿಲ್ಲ. ಹುಡುಗಿ ಮಂಜಿನೊಳಗಿಂದ ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ಬಂದು, “ಮಂಗಳವಾರ ಪ್ರಾಕ್ಟೀಸ್ ಎಷ್ಟೊತ್ತಿಗೆ ಅಂಕಲ್?” ಎಂದು ಕೇಳಿದಳು. ಎಂದಿನ ಹೊತ್ತಿಗೇ ಎಂದೆ. ಪ್ರಾಕ್ಟೀಸ್ ಇದ್ದೇ ಇರುತ್ತದೆ, ಅದರಲ್ಲಿ ಸುಳ್ಳಿಲ್ಲ.

ಅವಳ ಅಪ್ಪ ಇನ್ನೂ ಬಾಗಿಲ ಬಳಿಯೇ ಇದ್ದರು. ಮಾಲೀಕ ಹೇಳಿದ್ದು ಅವರ ಕಿವಿಗೆ ಬಿದ್ದಿತ್ತೆಂದು ಮುಖದಲ್ಲೇ ಗೊತ್ತಾಗುತ್ತಿತ್ತು. ಬಾಗಿಲನ್ನು ಇನ್ನಷ್ಟು ಅಗಲ ಮಾಡಿ ಹಿಡಿದುಕೊಂಡರು.

“ಬನ್ನಿ ಸಾರ್,” ಎಂದರು. “ನೀವು ಮೊದಲು.”