ಸಂಡೂರು ದಾರಿಯ ಖಾನಾವಳಿ ಅಕ್ಕ

ನಿನ್ನೆ ಗುಜರಿಯಿಂದ ದೊಡ್ಡದೊಂದು ಅಲ್ಯೂಮಿನಿಯಂ ಡಬರಿ ಬಂತು. ತೊಳೆಯಲು ನೀರು ಸುರಿದರೆ ಅಂಚಿನ ಮಡಿಕೆಯಿಂದ ಕೆಂಪು ನೀರು ಇಳಿಯಿತು. ತುಕ್ಕಲ್ಲ, ಅಲ್ಯೂಮಿನಿಯಂಗೆಲ್ಲಿಯ ತುಕ್ಕು? ಅದಿರಿನ ಧೂಳು. ಆ ಹಸಿ ವಾಸನೆ ಮೂಗಿಗೆ ಹತ್ತಿದ್ದೇ ತಡ, ಸಂಡೂರು ದಾರಿಯ ಖಾನಾವಳಿ ಅಕ್ಕ ನೆನಪಾದರು…

ಶಿವಾಜಿನಗರದಲ್ಲಿ ನನ್ನದು ಹಳೆಯ ಹೋಟೆಲ್ ಪಾತ್ರೆಗಳ ಅಂಗಡಿ. ಮುಚ್ಚಿದ ಹೋಟೆಲಿನಿಂದ ಕೊಳ್ಳುವುದು, ತೆರೆಯುವ ಹೋಟೆಲಿಗೆ ಮಾರುವುದು. ಉತ್ತರದ ಗಣಿಗಳಲ್ಲಿ ಅದಿರಿಗೆ ಬೆಲೆ ಬಂದ ಕಾಲದಲ್ಲಿ ಆ ಕಡೆಯವರು ಇದ್ದದ್ದನ್ನೆಲ್ಲ ಬಾಚಿಕೊಂಡು ಹೋಗುತ್ತಿದ್ದರು. ಅವರಲ್ಲೊಬ್ಬರು ಈ ಅಕ್ಕ. ಅದಿರಿನ ಲಾರಿಗಳು ಸಾಲುಗಟ್ಟಿ ನಿಲ್ಲುವ ರಸ್ತೆಯಲ್ಲಿ ಅವರ ಖಾನಾವಳಿ, ರೊಟ್ಟಿ ಬಡಿಯಲು ಎಂಟು ಹೆಂಗಸರು. ಚೌಕಾಸಿಯಲ್ಲಿ ನನಗೇ ಬೆವರಿಳಿಸುತ್ತಿದ್ದರು.

"ಸಾಬ್ರ, ಇದಕ್ಕ ತಳಾ ಐತೇನ್ರಿ, ಇಲ್ಲಾ ಬರೇ ರೇಟ್ ಅಷ್ಟ ಐತಿ?"

"ತಳ ಗಟ್ಟಿ ಇದೆ ಅಕ್ಕಾ, ನಿಮ್ ಬಾಯಷ್ಟೇ ಗಟ್ಟಿ."

ಪ್ರತಿ ಸಲ ಬಂದಾಗಲೂ ಹಿಂದಿನದಕ್ಕಿಂತ ದೊಡ್ಡ ಪಾತ್ರೆ ಬೇಕಾಗುತ್ತಿತ್ತು. ಗಣಿ ಆ ಊರಿಗೆ ದುಡ್ಡು ತಂದದ್ದು ಸುಳ್ಳಲ್ಲ, ಅದನ್ನು ನನ್ನ ತಕ್ಕಡಿಯೇ ಹೇಳುತ್ತಿತ್ತು. ಪಂಕ್ಚರ್ ಅಂಗಡಿ, ಟೀ ಅಂಗಡಿ, ಮೊಬೈಲ್ ಅಂಗಡಿ, ಎಲ್ಲ ಎದ್ದವು. ಆದರೆ ಎಲ್ಲರೂ ನಂಬಿದ್ದು ಲಾರಿಯೆಂಬ ಒಂದೇ ಗಿರಾಕಿಯನ್ನು. ಒಬ್ಬನೇ ಗಿರಾಕಿಯನ್ನು ನಂಬಿ ಅಂಗಡಿ ತೆರೆಯಬೇಡಿ. ಕೇಳಿದವರಿಗೂ ಕೇಳದವರಿಗೂ ನಾನು ಹೇಳುವ ಮಾತು ಇದು. ಅಕ್ಕನಿಗೂ ಹೇಳಿದ್ದೆ.

ಕೋರ್ಟು, ತನಿಖೆ ಎಂದು ಏನೇನೋ ಆಗಿ ಗಣಿ ನಿಂತಿತು. ಆ ಕಡೆಯ ಪಾತ್ರೆಗಳೆಲ್ಲ ಒಟ್ಟಿಗೇ ಮಾರಾಟಕ್ಕೆ ಬಂದು ರೇಟು ನೆಲ ಕಚ್ಚಿತು. ಅಕ್ಕನೂ ಒಂದು ಟೆಂಪೊ ತುಂಬ ತಂದರು. ಅಂದು ಚೌಕಾಸಿ ಮಾಡಲಿಲ್ಲ.

"ರೊಟ್ಟಿ ಬಡಿಯೋರು ಎಂಟು ಜನಾನೂ ಇನ್ನೂ ಇದ್ದಾರಾ? ಇಬ್ರು ಸಾಕು ಅಕ್ಕಾ, ಉಳಿದವ್ರನ್ನ ಬಿಡಿಸ್ಬಿಡಿ," ಅಂದೆ.

"ಬಿಡಿಸಿ ಎಲ್ಲಿ ಕಳಿಸ್ಲಿ ಸಾಬ್ರ? ಅವ್ರು ಕೂಲಿಗೆ ಹೋಗ್ತಿದ್ದ ಹೊಲ ಎಲ್ಲಾ ಗಣಿಗೆ ಹೋದ್ವು. ನನ್ನ ಒಲಿ ಆರಿದ್ರ ಅವ್ರು ಊರ ಬಿಡ್ಬೇಕು."

ಹಾಗಿದ್ದರೆ ಕಡಕ್ ರೊಟ್ಟಿ ಮಾಡಿ ತನ್ನಿ, ಇಂದಿರಾನಗರದ ಅಂಗಡಿಗಳಿಗೆ ಹಾಕಿಸುತ್ತೇನೆ ಅಂದೆ. ಅಲ್ಲಿನವರಿಗೆ ಈಗ ಜೋಳವೆಂದರೆ ಪ್ರೀತಿ, ರೇಟೂ ಕೇಳುವುದಿಲ್ಲ. ಕೆಲವೇ ದಿನಗಳಲ್ಲಿ ಅಕ್ಕ ಗಂಟು ಗಂಟು ರೊಟ್ಟಿ ಹೊತ್ತು ಬಂದಿಳಿದರು. ಆಟೋದಲ್ಲಿ ಕರೆದುಕೊಂಡು ಹೋದೆ.

ಅಂಗಡಿಯವನು ಒಂದು ರೊಟ್ಟಿಯನ್ನು ಟ್ಯೂಬ್‌ಲೈಟಿಗೆ ಹಿಡಿದ. "ಏನ್ರೀ ಇದು ಕೆಂಪಗಿದೆ? ಖಾರದ ರೊಟ್ಟಿನಾ?"

ರೊಟ್ಟಿ ಗರಿಯಾಗಲೆಂದು ಅಂಗಳದಲ್ಲಿ ಹರಡುವುದು ಅವರ ರೂಢಿ. ಲಾರಿ ನಿಂತಿದ್ದರೂ ಧೂಳು ಮಾಡಿನ ಮೇಲೆ, ಮರದ ಮೇಲೆ ಹಾಗೇ ಕೂತಿತ್ತು, ಗಾಳಿ ಬಂದಾಗ ಇಳಿಯುತ್ತಿತ್ತು. ಅಷ್ಟೂ ಹೆಂಗಸರು ಕೂತು ಒಂದೊಂದೇ ರೊಟ್ಟಿ ಜೋಡಿಸಿ ಕಟ್ಟಿದ್ದರು. ಆ ಕೆಂಪು ಒಬ್ಬರ ಕಣ್ಣಿಗೂ ಬಿದ್ದಿರಲಿಲ್ಲ. ಅಂಗಡಿಯವನು ಗಂಟುಗಳನ್ನು ವಾಪಸ್ ತಳ್ಳಿದ.

"ನಮಗ ಕಾಣಂಗಿಲ್ಲ ಸಾಬ್ರ," ಅಂದರು ಅಕ್ಕ, ಮೆಟ್ಟಿಲ ಮೇಲೆ ಕುಳಿತು. "ಸೀರಿನೂ ಹಿಂಗ, ಗ್ವಾಡಿನೂ ಹಿಂಗ, ಮಕ್ಕಳ ತಲಿಗೂದ್ಲಾನೂ ಹಿಂಗ. ಬಿಳೇದು ಹೆಂಗಿರ್ತೈತಿ ಅನ್ನೂದ…"

ಒಳಗೆ ಒಣಗಿಸಿ, ಮೇಲೆ ಪ್ಲಾಸ್ಟಿಕ್ ಹೊದಿಸಿ ಮತ್ತೆ ತನ್ನಿ ಅಂದೆ. ಹೂಂ ಅಂದರು. ಗಂಟುಗಳನ್ನು ತಾವೇ ಬಸ್ಸಿಗೇರಿಸಿಕೊಂಡು ಹೊರಟರು. ಮತ್ತೆ ಬರಲಿಲ್ಲ. ನಾನೂ ನನ್ನ ವ್ಯಾಪಾರದಲ್ಲಿ ಮುಳುಗಿದೆ… ಮುಂದೆ ಗಣಿ ಮತ್ತೆ ಶುರುವಾಯಿತಂತೆ, ಈಗ ಲಾರಿಯವರ ಊಟ ಕಂಪನಿಗಳ ಸ್ವಂತ ಕ್ಯಾಂಟೀನಿನಲ್ಲೇ ಅಂತೆ ಎಂದು ಕೇಳಿದ್ದೆ ಅಷ್ಟೇ.

ಡಬರಿ ತೊಳೆದಿಟ್ಟು ಅಕ್ಕನ ನಂಬರಿಗೆ ಫೋನ್ ಮಾಡಿದೆ. ಎತ್ತಿದ್ದು ಬೇರೆ ದನಿ. ರೊಟ್ಟಿ ಬಡಿಯುತ್ತಿದ್ದವರಲ್ಲಿ ಒಬ್ಬಳು. ಅಕ್ಕ ಕೆಮ್ಮು ಹತ್ತಿ ತೀರಿಕೊಂಡರಂತೆ. ಇದ್ದಷ್ಟು ದಿನ ಒಬ್ಬರನ್ನೂ ಬಿಡಿಸಲಿಲ್ಲವಂತೆ. ಫೋನನ್ನು ಈಕೆಯ ಕೈಗಿಟ್ಟು ಹೋದರಂತೆ.

"ಈಗ ಎಲ್ಲಿದ್ದೀಯಮ್ಮಾ?"

"ಇಲ್ಲೇ ರೀ, ನಿಮ್ಮೂರಾಗ. ಕಗ್ಗದಾಸಪುರದಾಗ ಬಿಲ್ಡಿಂಗ್ ಕೆಲ್ಸ. ಎಲ್ಲಾರೂ ಬಂದೀವಿ."

ಅವಳ ಹಿಂದೆ ಕಾಂಕ್ರೀಟ್ ಮಿಷನ್ನಿನ ಸದ್ದು. ಕೂಲಿ ಎಷ್ಟು ಕೇಳಬೇಕು, ಎಂಥ ಮೇಸ್ತ್ರಿಯನ್ನು ನಂಬಬಾರದು… ಹೇಳಲು ನನ್ನಲ್ಲಿ ಬೇಕಾದಷ್ಟಿತ್ತು.

"ಊಟ ಆಯ್ತಾ?" ಅಂದೆ.

"ಇಲ್ರೀ, ಇನ್ನೂ ಒಂದ್ ಲೋಡ್ ಐತಿ," ಅಂದು ಫೋನ್ ಇಟ್ಟಳು.